ಹದಿನಾಲ್ಕರ ಮುಂದೆ

ದೆವ್ವ, ಶಕುನ, ಮೈಮೇಲೆ ಬರುವುದು, ಕನಸು ನಿಜವಾಗುವುದು, ಇಂಥ ಮಾತು ಬಂದಾಗ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನು. ಅರಸೀಕೆರೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಮತ್ತು ವಿಜ್ಞಾನ ಹೇಳಿಕೊಡುತ್ತಿದ್ದೆ. ಜೊತೆಯ ಮೇಷ್ಟರು ಯಾರಾದರೂ ಬೆಕ್ಕು ಅಡ್ಡ ಬಂತೆಂದು ತಡವಾಗಿ ಬಂದರೆ, "ಬೆಕ್ಕಿಗೂ ಅದರ ಕೆಲಸ ಇರುತ್ತೆ ಸಾರ್, ನಿಮಗೋಸ್ಕರ ಮನೇಲಿ ಕೂತಿರೋಕಾಗುತ್ತಾ?" ಎಂದು ರೇಗಿಸುತ್ತಿದ್ದೆ. ಇದನ್ನು ಮೊದಲೇ ಹೇಳಿಕೊಳ್ಳುವುದು ಯಾಕೆಂದರೆ, ಮುಂದಿನದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಇಂಥ ಅನುಭವಗಳು ಅಮಾವಾಸ್ಯೆಯ ಸರಿರಾತ್ರಿಯಲ್ಲೇ ಆಗುತ್ತವೆ ಎಂದು ಕೇಳಿದ್ದೇನೆ. ನನಗೆ ಆದದ್ದು ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ, ಫಿನಾಯಿಲ್ ವಾಸನೆಯ ಆಸ್ಪತ್ರೆಯ ಕೋಣೆಯಲ್ಲಿ. ಕಿಟಕಿಯಿಂದ ಒಳ್ಳೆಯ ಬಿಸಿಲು ಬೀಳುತ್ತಿತ್ತು.

ಮೈಸೂರು ರಾಜ್ಯ ದೊಡ್ಡದಾಗಿ ಒಂದೆರಡು ವರ್ಷವಾಗಿತ್ತು. ನನಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಹೆಂಡತಿ ಕಮಲ, ಎರಡು ವರ್ಷದ ಮಗಳು, ಸ್ಟೇಷನ್ನಿನ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ. ನನ್ನ ತೊಡೆಸಂದಿಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಡಾಕ್ಟರು ಮುಟ್ಟಿ ನೋಡಿ ಹರ್ನಿಯಾ ಎಂದರು. "ಈಗ ಹೊಲಿಸಿಕೊಂಡರೆ ಎರಡು ವಾರದ ಮಾತು. ಹಾಗೇ ಬಿಟ್ಟು, ಒಂದಿನ ಅದು ಒಳಗೆ ಹೋಗದೆ ಸಿಕ್ಕಿಕೊಂಡರೆ ಆಗ ನನ್ನ ಹುಡುಕಿಕೊಂಡು ಬರೋದಕ್ಕೂ ನಿಮಗೆ ಟೈಮ್ ಇರೋಲ್ಲ" ಎಂದರು. ಅಷ್ಟು ಸ್ಪಷ್ಟವಾಗಿ ಹೇಳಿದರೂ ನಾನು ಎರಡು ವರ್ಷ ಮುಂದೂಡಿದೆ. ಪರೀಕ್ಷೆ ಮುಗಿಯಲಿ, ಮಳೆ ನಿಲ್ಲಲಿ, ಮಗು ನಡೆಯುವಂತಾಗಲಿ. ಒಂದೊಂದು ಸಲ ಒಂದೊಂದು ನೆಪ.

ನಿಜ ಹೇಳಬೇಕೆಂದರೆ ಆಪರೇಷನ್ ಎಂಬ ಮಾತು ಕೇಳಿದರೇ ನನ್ನ ಅಂಗೈ ಬೆವರುತ್ತಿತ್ತು. ನನಗೆ ಆರು ವರ್ಷವಾಗಿದ್ದಾಗ ನಮ್ಮವ್ವನಿಗೆ ಹೊಟ್ಟೆಯಲ್ಲಿ ಗೆಡ್ಡೆಯಾಗಿ, ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ದೂರದ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಗಾಡಿ ಹೊರಡುವಾಗ ಅವ್ವ, "ನಾಕೇ ದಿನ ಕಣೋ, ಬಂದ್ಬುಡ್ತೀನಿ" ಎಂದಳು. ಆಪರೇಷನ್ನಿಗೆ ಮದ್ದು ಕೊಟ್ಟು ಮಲಗಿಸಿದ ಮೇಲೆ ಅವಳು ಏಳಲೇ ಇಲ್ಲ. ಯಾರ ತಪ್ಪೂ ಇರಲಿಲ್ಲ, ಅವಳ ಮೈಯಲ್ಲಿ ರಕ್ತವೇ ಇರಲಿಲ್ಲ ಎಂದು ದೊಡ್ಡವನಾದ ಮೇಲೆ ತಿಳಿಯಿತು. ಆದರೆ ಆರು ವರ್ಷದವನ ಮನಸ್ಸಿನಲ್ಲಿ ಆಪರೇಷನ್ ಅಂದರೆ ಹೋಗಿ ಬಾರದೆ ಇರುವುದು ಎಂದೇ ಕೂತುಬಿಟ್ಟಿತ್ತು.

ಆಮೇಲೆ ನನ್ನನ್ನು ಸಾಕಿದವಳು ಅಕ್ಕ. ಹೆಸರು ನಂಜಮ್ಮ, ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮಾರನೇ ವರ್ಷ ಹಳೇಬೀಡಿಗೆ ಎರಡು ಮೈಲಿ ದೂರದ ಹಳ್ಳಿಗೆ ಮದುವೆಯಾಗಿ ಹೊರಟಾಗ ನನ್ನನ್ನೂ ಕೈಹಿಡಿದು ಕರೆದುಕೊಂಡೇ ಹೋದಳು. "ಎಲ್ರೂ ಬಳುವಳಿಗೆ ಹಸ ತರ್ತಾರೆ, ಇವ್ಳು ತಮ್ಮನ್ನ ತಂದವ್ಳೆ" ಎಂದು ಊರಿನವರು ನಕ್ಕರಂತೆ. ಭಾವ ಒಳ್ಳೆಯ ಮನುಷ್ಯ. "ಹಸ ಆದ್ರೆ ಹುಲ್ ಹಾಕ್ಬೇಕು, ಇವನಾದ್ರೆ ಮುದ್ದೆ ತಿಂತಾನೆ, ಬಿಡಿ" ಎಂದು ಅಷ್ಟಕ್ಕೇ ಮುಗಿಸಿದ್ದರು. ನನ್ನನ್ನು ಹಾಸನದವರೆಗೆ ಓದಿಸಿದವರೂ ಅವರೇ.

ಆ ಮನೆಗೆ ಹೋದ ಹೊಸತರಲ್ಲಿ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಅವ್ವನ ಹಾಗೆ ಏಳದೆಯೇ ಹೋದರೆ ಎಂಬ ಭಯ. ಅಕ್ಕ ಸಂಜೆಗಳಲ್ಲಿ ರಾಗಿ ಅಳೆದು ಚೀಲಕ್ಕೆ ತುಂಬುವಾಗ ನನ್ನನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಿದ್ದಳು. ಧಾನ್ಯ ಅಳೆಯುವಾಗ ನಮ್ಮ ಕಡೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಲಾಭ, ಎರಡು, ಮೂರು ಎಂದು ಅವಳು ರಾಗ ಎಳೆದು ಎಣಿಸುವುದು, ಸೇರಿನ ಬಾಯಿಯನ್ನು ಅಂಗೈಯಿಂದ ಸವರುವ ಸದ್ದು, ರಾಗಿ ಸುರಿಯುವ ಸದ್ದು, ಇವನ್ನು ಕೇಳುತ್ತ ಕೇಳುತ್ತ ನನಗೆ ನಿದ್ದೆ ಹತ್ತುತ್ತಿತ್ತು. ಅಳೆಯಲು ರಾಗಿ ಇಲ್ಲದ ದಿನ ನನ್ನ ಬೆನ್ನು ತಟ್ಟುತ್ತ ಬರೀ ಬಾಯಲ್ಲೇ ಅಳೆಯುತ್ತಿದ್ದಳು.

ಕೊನೆಗೆ ಆಪರೇಷನ್ನಿಗೆ ಒಪ್ಪಿಕೊಂಡದ್ದು ಕಮಲಳ ಹಟಕ್ಕೆ. ಒಪ್ಪಿದೆ, ಆದರೆ ಅಕ್ಕನಿಗೆ ತಿಳಿಸಬಾರದು ಎಂದು ಷರತ್ತು ಹಾಕಿದೆ. ಅವ್ವನನ್ನು ಕಳೆದುಕೊಂಡವಳು ಅವಳೂ ಹೌದಲ್ಲ. ನನಗೆ ಮದ್ದು ಕೊಟ್ಟು ಮಲಗಿಸುತ್ತಾರೆ ಎಂದು ತಿಳಿದರೆ ಅವಳು ಅನ್ನ ನೀರು ಬಿಟ್ಟು ಕೂರುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಎರಡು ವಾರ ಟ್ರೈನಿಂಗಿಗೆಂದು ಶಿವಮೊಗ್ಗಕ್ಕೆ ಹೋಗುತ್ತಿದ್ದೇನೆ, ಬಂದಮೇಲೆ ಊರಿಗೆ ಬರುತ್ತೇನೆ ಎಂದು ಭಾವನಿಗೆ ಕಾರ್ಡು ಬರೆದೆ. ಕಮಲಳಿಗೆ ಇದು ಹಿಡಿಸಲಿಲ್ಲ. "ಅಕ್ಕಂಗೆ ಸುಳ್ಳು ಬರೀತಿದ್ದೀರಲ್ಲ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಅವರ ಮುಖ ಹೇಗೆ ನೋಡ್ಲಿ?" ಎಂದಳು. ಹಾಗೆ ಅಂದುಬಿಟ್ಟು ತಾನೇ ನಾಲಿಗೆ ಕಚ್ಚಿಕೊಂಡಳು.

ಬುಧವಾರ ಮಧ್ಯಾಹ್ನ ಆಸ್ಪತ್ರೆಗೆ ಸೇರಿದೆ. ಚಿಕ್ಕ ಆಸ್ಪತ್ರೆ. ಸರ್ಜನ್ ವಾರಕ್ಕೊಂದು ದಿನ ಬೆಳಗಿನ ರೈಲಿನಲ್ಲಿ ಬಂದು, ಇದ್ದ ಆಪರೇಷನ್ನುಗಳನ್ನೆಲ್ಲ ಮುಗಿಸಿ, ಸಂಜೆ ರೈಲಿಗೆ ವಾಪಸಾಗುತ್ತಿದ್ದರು. ಒಂದು ಕಾಗದಕ್ಕೆ ಮನೆಯವರ ರುಜು ಬೇಕೆಂದರು. ಆಪರೇಷನ್ ಸಮಯದಲ್ಲಿ ಜೀವಕ್ಕೆ ಅಪಾಯವಾದರೂ ಒಪ್ಪಿಗೆಯಿದೆ ಎಂಬ ಒಕ್ಕಣೆ. ಕಮಲ ಅದನ್ನು ಎರಡು ಸಲ ಓದಿ ರುಜು ಹಾಕಿದಳು.

ನನ್ನ ಪಕ್ಕದ ಮಂಚದಲ್ಲಿ ಬೇಲೂರಿನಿಂದ ಬಂದಿದ್ದ ಸಂಪತ್ತಯ್ಯಂಗಾರ್ರು ಇದ್ದರು. ಅಲ್ಲಿಯ ದೇವಸ್ಥಾನದ ಅಡುಗೆಮನೆಯಲ್ಲಿ ಕೆಲಸ, ಐವತ್ತರ ಮೇಲಿನ ವಯಸ್ಸು. ನನ್ನದೇ ಕಾಯಿಲೆ, ಅದೇ ಗುರುವಾರವೇ ಆಪರೇಷನ್. ಅವರು ಹೆದರಿದ್ದರು, ಆದರೆ ಸಾವಿಗಲ್ಲ. ಸಂಜೆ ಕಮಲ ಮಗುವನ್ನು ನೋಡಿಬರಲು ಮನೆಗೆ ಹೋದಾಗ ಅವರು ಮಂಚದ ಅಂಚಿಗೆ ಸರಿದು ಕೂತು ಮೆಲ್ಲಗೆ ಕೇಳಿದರು.

"ಮೇಷ್ಟ್ರೇ, ನೀವು ವಿಜ್ಞಾನ ಓದಿದೋರು. ಕ್ಲೋರೋಫಾರಂ ಕೊಟ್ಟಾಗ ಮನುಷ್ಯ ಮನಸ್ಸಲ್ಲಿರೋದನ್ನೆಲ್ಲ ಹೊರಗೆ ಹೇಳಿಬಿಡ್ತಾನಂತೆ, ನಿಜವಾ?"

"ಏನೋ ತೊದಲ್ತಾರೆ ಅಂತ ಕೇಳಿದ್ದೀನಿ. ಯಾಕೆ ಸ್ವಾಮಿ?"

ಅವರು ಬಾಗಿಲ ಕಡೆ ನೋಡಿದರು. ಆಮೇಲೆ, "ನಮ್ಮಾಕೆ ಬಾಗಿಲಲ್ಲೇ ನಿಂತಿರ್ತಾಳೆ. ನನ್ನ ಬಾಯಿಂದ ಏನಾದ್ರೂ ಬಂದ್ರೆ ನೀವು ಹೇಗಾದರೂ ಸಂಭಾಳಿಸಬೇಕು" ಎಂದರು. ಎಂಥ ರಹಸ್ಯವೋ ಏನೋ ಎಂದುಕೊಂಡೆ. ಅವರು ಇನ್ನೂ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು. ಹನ್ನೆರಡು ವರ್ಷದಿಂದ, ಅರಸೀಕೆರೆಗೆ ಬಂದಾಗಲೆಲ್ಲ, ಸ್ಟೇಷನ್ನಿನ ಹಿಂದಿನ ಅಂಗಡಿಯಲ್ಲಿ ಅವರು ಈರುಳ್ಳಿ ಬೋಂಡ ತಿನ್ನುತ್ತಿದ್ದರಂತೆ. ಒಂದಲ್ಲ, ನಾಲ್ಕು.

ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ನಗು ಬಂದರೆ ಗಂಟು ಹೊರಗೆ ಬರುತ್ತಿತ್ತು. ಆದರೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಸಂಜೆ ನಾನು ಭಯ ಮರೆತದ್ದು ಆ ಐದು ನಿಮಿಷ ಮಾತ್ರ. ಈಗ ಅವರೂ ಇಲ್ಲ, ಅವರ ಮನೆಯವರೂ ಇಲ್ಲ. ಆದ್ದರಿಂದ ಇದನ್ನು ಬರೆದದ್ದಕ್ಕೆ ಅವರು ನನ್ನನ್ನು ಕ್ಷಮಿಸಿಯಾರು.

ರಾತ್ರಿ ಹೇಗೋ ಕಳೆಯಿತು. ಬೆಳಿಗ್ಗೆ ಕಾಫಿ ಇಲ್ಲ, ನೀರೂ ಇಲ್ಲ. ಅರಸೀಕೆರೆಯಲ್ಲಿ ದಿನವಿಡೀ ರೈಲುಗಳು ಕೂಗುತ್ತಲೇ ಇರುತ್ತವೆ, ನಮಗದು ಕೇಳಿಸುವುದೇ ಇಲ್ಲ. ಆ ಬೆಳಿಗ್ಗೆ ಮಾತ್ರ ಒಂದೊಂದು ಸಿಳ್ಳಿಗೂ ವಾರ್ಡಿನಲ್ಲಿದ್ದವರೆಲ್ಲ ಕಿಟಕಿಯ ಕಡೆ ನೋಡುತ್ತಿದ್ದೆವು. ರೈಲು ಕೆಟ್ಟುನಿಲ್ಲಲಿ, ಇವತ್ತು ಸರ್ಜನ್ ಬರದಿರಲಿ ಎಂದು ನಾನು, ಯಾವ ದೇವರನ್ನೂ ನಂಬದವನು, ಯಾರನ್ನೋ ಕೇಳಿಕೊಂಡೆ. ಅವರು ಸರಿಯಾದ ಸಮಯಕ್ಕೇ ಬಂದರು.

ಮೊದಲು ಅಯ್ಯಂಗಾರ್ರನ್ನು ಕರೆದುಕೊಂಡು ಹೋದರು. ಒಂದು ಗಂಟೆಯ ಮೇಲೆ ಸ್ಟ್ರೆಚರ್ ಹೊರಗೆ ಬಂತು. ಅವರು ಕಣ್ಣು ಮುಚ್ಚಿಕೊಂಡೇ ಗಟ್ಟಿಯಾಗಿ ಮಾತಾಡುತ್ತಿದ್ದರು. ಅವರ ಹೆಂಡತಿ ಓಡಿಬಂದು ಬಗ್ಗಿ ಕೇಳಿಸಿಕೊಂಡರು. "ಮೆಣಸು ಹಾಕೋ, ಇನ್ನೊಂದು ಹಿಡಿ ಹಾಕೋ, ತುಪ್ಪ ಸಾಲದು" ಎಂದು ದೇವಸ್ಥಾನದ ಪೊಂಗಲಿಗೆ ಅಪ್ಪಣೆ ಕೊಡುತ್ತಿದ್ದರು. "ಮೈಮರೆತಾಗಲೂ ದೇವರ ಸೇವೆ ಬಿಡ್ಲಿಲ್ಲ" ಎಂದು ಆಕೆ ಕಣ್ಣೊರೆಸಿಕೊಂಡರು. ನಗಬೇಕೆಂದುಕೊಂಡೆ, ಆದರೆ ಸಿಸ್ಟರ್ ಸೆಲಿನ್ ನನ್ನ ಮಂಚದ ಕಡೆಗೇ ಬರುತ್ತಿದ್ದರು.

ಸಿಸ್ಟರ್ ಸೆಲಿನ್ ಮಂಗಳೂರಿನ ಕಡೆಯವರು, ಅಲ್ಲಿಯ ಕನ್ನಡ. "ಎಂತ ಮಾರಾಯ್ರೆ, ಕೈ ಇಷ್ಟು ತಣ್ಣಗಾಗಿದೆ? ಮಕ್ಕಳಿಗೆ ಪಾಠ ಮಾಡುವ ಮೇಷ್ಟ್ರು ನೀವು, ಮಗುವಿನ ಹಾಗೆ ಹೆದರುವುದಾ?" ಎಂದರು. ಕಮಲ ಬಾಗಿಲವರೆಗೆ ಬಂದು ನನ್ನ ಕಾಲಿನ ಹೆಬ್ಬೆರಳು ಹಿಡಿದುಕೊಂಡಿದ್ದಳು. ಬಾಗಿಲು ಮುಚ್ಚುವಾಗ ಅದನ್ನು ಬಿಟ್ಟಳು. ಆ ಬಿಟ್ಟದ್ದು ನನಗೆ ಇಂದಿಗೂ ನೆನಪಿದೆ.

ಮೇಜಿನ ಮೇಲೆ ಮಲಗಿಸಿ ಕೈಗಳನ್ನು ಪಟ್ಟಿಯಿಂದ ಕಟ್ಟಿದರು. ತಂತಿಯ ಜಾಲರಿಗೆ ಬಟ್ಟೆ ಸುತ್ತಿದ ಮುಖವಾಡವೊಂದನ್ನು ಮೂಗಿನ ಮೇಲೆ ಇಟ್ಟು, ಅದರ ಮೇಲೆ ಹನಿಹನಿಯಾಗಿ ಔಷಧ ಬಿಡತೊಡಗಿದರು. ಸಿಹಿಯಾದ, ಉಸಿರು ಕಟ್ಟಿಸುವ ವಾಸನೆ. "ಒಂದರಿಂದ ಎಣಿಸುತ್ತಾ ಹೋಗಿ" ಎಂದರು.

ಎಣಿಸಿದೆ. ಒಂಬತ್ತರವರೆಗೆ ಧ್ವನಿ ಸರಿಯಾಗಿಯೇ ಇತ್ತು. ಹತ್ತಕ್ಕೆ ಅವ್ವನ ಗಾಡಿ ಕಣ್ಣಮುಂದೆ ಬಂತು. ಮೇಜು ನನ್ನ ಕೆಳಗಿನಿಂದ ಜಾರಿ ಇಳಿಯುತ್ತಿರುವಂತೆ ಅನಿಸಿತು. ಹನ್ನೆರಡು, ಹದಿಮೂರು. ಅವ್ವನೂ ಹೀಗೆಯೇ ಎಣಿಸಿರಬೇಕು, ಎಣಿಸುತ್ತಲೇ ಹೋಗಿಬಿಟ್ಟಿರಬೇಕು ಎಂಬ ಯೋಚನೆ ಬಂತು. ಹದಿನಾಲ್ಕು ಎಂದೆ. ಅಲ್ಲಿಗೆ ನನ್ನ ನಾಲಿಗೆ ನಿಂತಿತು. ಬೇಡ, ನಿಲ್ಲಿಸಿ, ನನ್ನನ್ನು ಬಿಟ್ಟುಬಿಡಿ ಎಂದು ಕೂಗಬೇಕು, ಆದರೆ ಬಾಯಿ ನನ್ನದಾಗಿರಲಿಲ್ಲ. ಅಂಥ ಭಯವನ್ನು ನಾನು ಅದಕ್ಕೆ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಆಗ ನನ್ನ ಬಲಕಿವಿಯ ಹತ್ತಿರ ಅಕ್ಕನ ಧ್ವನಿ, "ಹದ್ನೈದು" ಎಂದಿತು.

ಆಸ್ಪತ್ರೆಯವರ ಧ್ವನಿಗಳು ನೀರಿನೊಳಗಿಂದ ಬಂದಂತೆ ಬರುತ್ತಿದ್ದವು. ಇದು ಹಾಗಿರಲಿಲ್ಲ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಹೇಳಿದಂತಿತ್ತು. ಸೇರಿನ ಬಾಯಿ ಸವರಿದ ಸದ್ದು, ರಾಗಿ ಸುರಿದ ಸದ್ದು. ಆ ಸಿಹಿ ವಾಸನೆ ಹೋಗಿ ರಾಗಿಯ ದೂಳಿನ ವಾಸನೆ ಮೂಗಿಗೆ ಬಂತು. "ಹದ್ನಾರು" ಎಂದಿತು. ನನ್ನ ಎದೆಯ ಬಡಿತ ಇಳಿಯಿತು. ಸರಿ, ಇನ್ನು ನಾನು ಎಣಿಸಬೇಕಾಗಿಲ್ಲ, ಅವಳು ನೋಡಿಕೊಳ್ಳುತ್ತಾಳೆ ಎಂದು ಅನಿಸಿದ್ದು ಸ್ಪಷ್ಟವಾಗಿ ನೆನಪಿದೆ. ಹದಿನೇಳು, ಹದಿನೆಂಟು. ನಾನು ಕೊನೆಗೆ ಕೇಳಿದ್ದು "ಇಪ್ಪತ್ಮೂರು." ಅದಾದ ಮೇಲೆ ಏನೂ ಇಲ್ಲ.

ಎಚ್ಚರವಾದಾಗ ಮಧ್ಯಾಹ್ನ. ವಾಂತಿ, ತಲೆಸುತ್ತು, ವಿಪರೀತ ಬಾಯಾರಿಕೆ. ಕಮಲ ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದಳು. "ಅಕ್ಕ ಎಲ್ಲಿ? ಹೊರಟುಹೋದ್ಲಾ?" ಎಂದು ಕೇಳಿದೆನಂತೆ. "ಯಾವ ಅಕ್ಕ? ಯಾರೂ ಬಂದಿಲ್ಲ, ಮಲಗಿ" ಎಂದಳು. ಸಂಜೆ ಸಿಸ್ಟರ್ ಸೆಲಿನ್ ಬಂದು ನಾಡಿ ನೋಡುತ್ತ ತಮಾಷೆ ಮಾಡಿದರು. "ಲೆಕ್ಕದ ಮೇಷ್ಟ್ರು ಅಂತ ಹೇಳಿದಿರಿ. ಹದಿನಾಲ್ಕಕ್ಕೇ ನಿಲ್ಲಿಸಿಬಿಟ್ಟಿರಲ್ಲ, ಹದಿನೈದು ಬರುವುದಿಲ್ಲವಾ ನಿಮಗೆ? ಆಮೇಲೆ ಒಳ್ಳೆ ಮಗುವಿನ ಹಾಗೆ ಮಲಗಿದಿರಿ."

ಎರಡು ದಿನ ಕಳೆದು ತಲೆ ತಿಳಿಯಾದ ಮೇಲೆ ಅದನ್ನು ನಾನೇ ಬಿಡಿಸಿಕೊಂಡೆ. ಎಳವೆಯಲ್ಲಿ ಭಯವಾದಾಗ ಅಕ್ಕನ ಎಣಿಕೆ ಕೇಳಿ ಮಲಗುತ್ತಿದ್ದೆ. ಈಗ ಭಯವಾಯಿತು, ಎಣಿಸು ಎಂದರು, ಔಷಧದ ಮಂಪರಿನಲ್ಲಿ ಹಳೆಯ ನೆನಪು ಎದ್ದುಬಂತು. ಇದರಲ್ಲಿ ವಿಚಿತ್ರವೇನೂ ಇಲ್ಲ. ಅಕ್ಕನ ಧ್ವನಿ ಕೇಳಿದ ಹಾಗಾಯಿತು ಎಂದಷ್ಟೇ ಕಮಲಳಿಗೆ ಹೇಳಿದೆ. ಎಲ್ಲಿಂದ ಎಲ್ಲಿಯವರೆಗೆ ಎಣಿಸಿದಳು ಎಂಬುದನ್ನು ಅವಳಿಗೂ ಹೇಳಲಿಲ್ಲ, ಬೇರೆ ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲಿ ಏನಿದೆ ಎಂದುಕೊಂಡೆ.

ಹೊಲಿಗೆ ಬಿಚ್ಚಿ, ಓಡಾಡುವಂತಾಗಿ, ಮೂರು ವಾರದ ಮೇಲೆ ಒಂದು ಭಾನುವಾರ ಒಬ್ಬನೇ ಬಸ್ಸಿನಲ್ಲಿ ಹಳೇಬೀಡಿಗೆ ಹೋದೆ. ಅಕ್ಕನಿಗೆ ನಾನೇ ಎದುರು ನಿಂತು ಹೇಳಬೇಕು, ಬೈಸಿಕೊಳ್ಳಬೇಕು ಎಂದಿತ್ತು. ಭಾವ ಏನೋ ಸಾಮಾನು ಕೊಳ್ಳಲು ಗಾಡಿ ಕಟ್ಟಿಕೊಂಡು ಬಂದವರು ಬಸ್ಸಿನ ಹತ್ತಿರವೇ ಸಿಕ್ಕಿದರು. ಗಾಡಿ ಹತ್ತಿ ಕೂತೆ. ಕೆರೆ ಏರಿ ದಾಟಿದ ಮೇಲೆ ಅವರು ಎತ್ತಿನ ಹಗ್ಗ ಸಡಿಲ ಬಿಟ್ಟು ಹೇಳಿದರು.

"ನೀನು ಬಂದಿದ್ದು ಒಳ್ಳೇದಾಯ್ತು ಕಣಪ್ಪ. ನಿಮ್ಮಕ್ಕನ್ನ ಒಂದ್ಸಾರಿ ಯಾರಾದ್ರೂ ಡಾಕ್ಟ್ರಿಗೆ ತೋರಿಸ್ಬೇಕು."

"ಯಾಕೆ ಭಾವ? ಏನಾಗಿದೆ?"

"ಏನೂ ಆಗಿಲ್ಲ. ಚೆನ್ನಾಗೇ ಅವ್ಳೆ. ಆದ್ರೆ ಹೋದ ಅಮಾಸೆ ಆಯ್ತಲ್ಲ, ಅದರ ಮೂರ್ನೇ ದಿನ, ಗುರುವಾರ. ಬೇಲೂರ್ ಕಡೆಯಿಂದ ಹತ್ತ್ ಗಂಟೆ ಬಸ್ಸು ಆಗ್ತಾನೆ ಹೋಗಿತ್ತು. ಮಿಲ್ಲಿಗೆ ಹಾಕ್ಸಾಕೆ ಅಂತ ರಾಗಿ ಅಳೀತಾ ಕೂತ್ಲು. ಪಕ್ಕದ್ಮನೆ ಕೆಂಚಮ್ಮ ಚೀಲದ ಬಾಯಿ ಹಿಡ್ಕಂಡಿದ್ಲು. ನಾನು ಜಗಲೀಲಿ ಹಗ್ಗ ಹೊಸೀತಿದ್ದೆ. ಮೊದಲನೇ ಸೇರು ತುಂಬಿ ಎತ್ತಿದೋಳು, ಲಾಭ ಅನ್ಬೇಕೋ ಬೇಡ್ವೋ, ಹದ್ನೈದು ಅಂದ್ಲು."

ನಾನು ಗಾಡಿಯ ಗೂಟ ಹಿಡಿದುಕೊಂಡೆ.

"ಕೆಂಚಮ್ಮ ನಕ್ಕಂಡು, ಇದೇನಕ್ಕ, ಹದಿನಾಕು ಸೇರು ಎಲ್ ಬಚ್ಚಿಟ್ಟೆ ಅಂದ್ಲು. ಇವ್ಳು ಕಿವೀಗೇ ಹಾಕ್ಕೊಳ್ಲಿಲ್ಲ. ಹದ್ನಾರು, ಹದ್ನೇಳು ಅಂತ ಹೋಯ್ತಾ ಅವ್ಳೆ. ನಾನು ಎದ್ದ್ ಬಂದು, ಏನಮ್ಮೀ ಇದು ಅಂದೆ. ನನ್ನ ಮಕ ನೋಡಿದ್ಲು, ಆದ್ರೆ ನೋಡ್ನಿಲ್ಲ. ಇಪ್ಪತ್ಮೂರಕ್ಕೆ ಸೇರು ಕೆಳಗಿಟ್ಲು. ಇಟ್ಟು ಏನಂದ್ಲು ಗೊತ್ತಾ? 'ಮೊಗ ಮಲಗ್ತು ಕಣ್ರೋ, ಸದ್ ಮಾಡ್ಬ್ಯಾಡಿ' ಅಂದ್ಲು. ನಮ್ಮನೇಲಿ ಯಾವ ಮೊಗ ಐತೆ ಹೇಳಪ್ಪ? ಹಂಗಂದೋಳೇ ಚೀಲಕ್ಕೆ ಒರಗಿ ಒಳ್ಳೆ ನಿದ್ದೆ ಹೋಗ್ಬುಟ್ಲು. ಹಾಡುಹಗಲು! ಮದುವೆ ಆದಾಗಿಂದ ಅವ್ಳು ಹಗಲು ಮಲಗಿದ್ದು ನಾನು ಕಂಡೇ ಇಲ್ಲ. ಮಧ್ಯಾಹ್ನ ಎದ್ದು ಏನೂ ಆಗ್ದಂಗೆ ಸಾರಿಗೆ ಇಟ್ಲು."

ಅವರು ಹೇಳಿ ಮುಗಿಸಿ ನನ್ನ ಕಡೆ ನೋಡಿದರು. "ಯಾಕಪ್ಪ, ನಿನಗೇನಾಯ್ತು? ಮಕ ಬಿಳಿಚ್ಕಂಡೈತೆ" ಎಂದರು. ನಾನು ಗಾಡಿ ನಿಲ್ಲಿಸಲು ಹೇಳಿ ಕೆಳಗಿಳಿದು, ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತೆ. ಆಪರೇಷನ್ನಿನ ವಿಷಯ ಅವರಿಗೆ ಹೇಳಿದ್ದು ಅಲ್ಲಿಯೇ. ಅವರು ಎತ್ತಿನ ಬೆನ್ನು ಸವರುತ್ತ, "ಅವ್ಳಿಗೆ ಮೊದ್ಲು ಊಟ ಆಗ್ಲಿ, ಆಮೇಲೆ ಹೇಳು" ಎಂದಷ್ಟೇ ಅಂದರು.

ಊಟವಾದ ಮೇಲೆ ಹೇಳಿದೆ. ಅಕ್ಕ ಮೊದಲು ನಂಬಲಿಲ್ಲ. ನಂಬಿದ ಮೇಲೆ ನನ್ನ ಬೆನ್ನಿಗೆ ಎರಡು ಗುದ್ದಿದಳು, ನಾನು ಇನ್ನೂ ಎರಡನೇ ಕ್ಲಾಸಿನ ಹುಡುಗನೇನೋ ಎಂಬಂತೆ. "ಸಿವಮೊಗ್ಗಕ್ ಹೋಗಿದ್ನಂತೆ ಸಿವಮೊಗ್ಗಕ್ಕೆ! ನಾನು ಸತ್ತೋಗಿದ್ನಾ? ಏನಾದ್ರೂ ಆಗಿದ್ರೆ ನಮ್ಮವ್ವಂಗೆ ನಾನೇನ್ ಹೇಳ್ಬೇಕಾಗಿತ್ತು?" ಎಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಎಲ್ಲಿ ಕುಯ್ದವ್ರೆ, ತೋರ್ಸು" ಎಂದಳು. ಅದು ತೋರಿಸುವ ಜಾಗವಲ್ಲ ಅಕ್ಕ ಎಂದೆ. "ನಿನ್ನ ನೀರೆರೆದು ಬೆಳ್ಸಿದೋಳು ನಾನು, ನನ್ ಮುಂದೆ ಯಂತಾ ಮಾನ" ಎಂದು ಗದರಿದಳು. ಭಾವ ನಗುತ್ತ ಎದ್ದು ಹೊರಗೆ ಹೋದರು.

ಸಂಜೆ ಅವಳು ತಣ್ಣಗಾದ ಮೇಲೆ ಆ ಗುರುವಾರದ ಮಾತು ತೆಗೆದೆ. ಅವಳಿಗೆ ರಾಗಿ ಅಳೆಯಲು ಕೂತದ್ದು ನೆನಪಿತ್ತು. ಎದ್ದಾಗ ಬಿಸಿಲು ಹಿತ್ತಲಿಗೆ ಬಂದಿದ್ದು ನೆನಪಿತ್ತು. ನಡುವಿನದು ಏನೂ ಇಲ್ಲ. "ನಿದ್ದೆ ತಡಿಯಾಕಾಗ್ಲಿಲ್ಲ ಕಣೋ. ಅದೇನೋ ಒಂದ್ ತರಾ ಸಿಹಿ ವಾಸ್ನೆ ಬಂದಂಗಾಯ್ತು" ಎಂದಳು. ಅದನ್ನು ಭಾವನಿಗೂ ಅವಳು ಹೇಳಿರಲಿಲ್ಲ.

ನಾನು ಸುಲಭಕ್ಕೆ ಒಪ್ಪುವವನಲ್ಲ. ಕೆಂಚಮ್ಮನ ಮನೆಗೆ ಹೋಗಿ, ಆಪರೇಷನ್ ವಿಷಯ ಎತ್ತದೆ, ಆ ದಿನ ಏನಾಯಿತೆಂದು ಕೇಳಿದೆ. ಭಾವ ಹೇಳಿದ್ದನ್ನೇ ಹೇಳಿದಳು. ಚೀಲದಲ್ಲಿ ಒಂಬತ್ತು ಸೇರು ಮಾತ್ರ ಇದ್ದದ್ದನ್ನು ಆಮೇಲೆ ತಾನೇ ಅಳೆದು ನೋಡಿದೆ ಎಂದೂ ಹೇಳಿದಳು. ಯಾರಾದರೂ ಅಕ್ಕನಿಗೆ ಮೊದಲೇ ಸುದ್ದಿ ಮುಟ್ಟಿಸಿರಬಹುದೇ ಎಂದು ವಿಚಾರಿಸಿದೆ. ಬಸ್ಸಿನವರು, ಅಂಚೆಯವರು, ಬೇಲೂರಿಗೆ ವಾಪಸಾದ ಅಯ್ಯಂಗಾರ್ರ ಕಡೆಯವರು, ಯಾರೂ ಅಕ್ಕನಿಗೆ ಸುದ್ದಿ ಮುಟ್ಟಿಸಿರಲಿಲ್ಲ. ಮುಟ್ಟಿಸಿದ್ದರೂ ನಾನು ಯಾವ ಸಂಖ್ಯೆಯಲ್ಲಿ ನಿಲ್ಲಿಸುತ್ತೇನೆ ಎಂದು ಬೆಳಿಗ್ಗೆಯೇ ಹೇಳಲು ಯಾರಿಗೆ ಸಾಧ್ಯ? ಅರಸೀಕೆರೆಗೆ ಬಂದು ಸಿಸ್ಟರ್ ಸೆಲಿನ್ ಅವರನ್ನು ಮತ್ತೆ ಕೇಳಿದೆ. "ಹದಿನಾಲ್ಕೇ ಮಾರಾಯ್ರೆ, ಇನ್ನೂ ಅದೇ ಯೋಚನೆಯಾ?" ಎಂದರು. ಕಾಕತಾಳೀಯ ಎಂದು ಬರೆದು ಮುಗಿಸಬಹುದು. ನಾನು ಎಷ್ಟೋ ಸಲ ಹಾಗೆ ಮುಗಿಸಲು ನೋಡಿದ್ದೇನೆ.

ಒಂಬತ್ತು ವರ್ಷದ ನಂತರ ಅಕ್ಕನಿಗೇ ಗರ್ಭಕೋಶದ ಆಪರೇಷನ್ ಆಗಬೇಕಾಯಿತು. ಅದೇ ಆಸ್ಪತ್ರೆ. ಸಿಸ್ಟರ್ ಸೆಲಿನ್ ಆಗ ಊರು ಬಿಟ್ಟಿದ್ದರು. ಅಕ್ಕ ನನ್ನ ಮನೆಯಲ್ಲೇ ನಾಲ್ಕು ದಿನ ಇದ್ದು, ಕಮಲ ಬೇಡವೆಂದರೂ ಹಪ್ಪಳ ಲಟ್ಟಿಸಿ ಒಣಗಹಾಕಿ, ಆಮೇಲೆ ಆಸ್ಪತ್ರೆಗೆ ನಡೆದೇ ಬಂದಳು. ಹೆದರಿದವನು ನಾನು. ಬಾಗಿಲು ಮುಚ್ಚಿದ ಮೇಲೆ ಹೊರಗಿನ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ಲಾಭ, ಎರಡು, ಮೂರು ಎಂದು ಎಣಿಸಲು ಶುರು ಮಾಡಿದೆ. ಭಾವ ಪಕ್ಕದಲ್ಲಿದ್ದರು, ಅವರಿಗೆ ಅರ್ಥವಾಗಿರಬೇಕು. ನೂರು ಮುಗಿಸಿ ಮತ್ತೆ ಮೊದಲಿನಿಂದ ಹಿಡಿದೆ. ಎಷ್ಟು ನೂರಾಯಿತೋ ಗೊತ್ತಿಲ್ಲ. ನನಗೆ ಯಾವ ವಾಸನೆಯೂ ಬರಲಿಲ್ಲ, ನಿದ್ದೆಯೂ ಬರಲಿಲ್ಲ. ಸ್ಟ್ರೆಚರ್ ಹೊರಗೆ ಬರುವಷ್ಟರಲ್ಲಿ ಗಂಟಲು ಒಣಗಿಹೋಗಿತ್ತು.

ಮಾರನೇ ದಿನ ಅವಳಿಗೆ ಗಂಜಿ ಕುಡಿಸುತ್ತ ಕೇಳಿದೆ. "ಅಕ್ಕ, ಮದ್ದು ಕೊಟ್ಟಾಗ ನಿಂಗೇನಾದ್ರೂ ಕೇಳಿಸ್ತಾ?"

"ಏನ್ ಕೇಳ್ಸತ್ತೋ?"

"ನಾನು ಎಣಿಸ್ತಿದ್ದೆ."

"ಇಲ್ಲ ಕಣೋ, ಏನೂ ಕೇಳಿಸ್ನಿಲ್ಲ" ಎಂದಳು. ನನ್ನ ಮುಖ ಸಪ್ಪಗಾದದ್ದನ್ನು ಕಂಡಿರಬೇಕು. ನನ್ನ ಕೈ ಹಿಡಿದುಕೊಂಡಳು. "ನಂಗ್ಯಾಕ್ಲಾ ಕೇಳಿಸ್ಬೇಕು? ನೀನು ಬಾಗ್ಲಾಗೇ ಕೂತಿದ್ದೀಯ ಅಂತ ಗೊತ್ತಿತ್ತು. ಭಯ ಆದ್ರೆ ತಾನೆ?"

ಅದಾದ ಮೇಲೆ ಅಕ್ಕ ಬಹಳ ವರ್ಷ ಬದುಕಿದಳು. ಭಾವ, ಕೆಂಚಮ್ಮ ಎಲ್ಲ ಅವಳಿಗಿಂತ ಮೊದಲೇ ಹೋದರು. ಊರಿಗೆ ಹೋದಾಗಲೆಲ್ಲ ನಾನು ಒಂದಲ್ಲ ಒಂದು ನೆಪದಲ್ಲಿ ಆ ಗುರುವಾರದ ಮಾತು ಎತ್ತುತ್ತಿದ್ದೆ. ಹೊಸದಾಗಿ ಏನಾದರೂ ನೆನಪಾಗಿರಬಹುದು ಎಂಬ ಆಸೆ. ಅವಳಿಗೆ ಕೊನೆಕೊನೆಗೆ ಬೇಸರವೇ ಬರುತ್ತಿತ್ತು. "ಓದ್ದೋನು ನೀನು. ನನ್ನ ಕೇಳ್ತಾ ಕೂತಿದ್ದೀಯಲ್ಲ, ನೀನೇ ಹೇಳಪ್ಪ" ಎನ್ನುತ್ತಿದ್ದಳು.

ಓದಿದವನು ನಾನು, ಅದು ನಿಜ. ಮೂವತ್ತೊಂದು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟೆ. ಅವಳಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಈಗಲೂ ಇಲ್ಲ.